ಕಾಟಾದಿಂದ ಜಾಕ್‌ವೆಲ್‌ವರೆಗೆ: ಶೀಲ್ಡ್ ಕೇಬಲ್ ಆಯ್ಕೆಯ ಲೆಕ್ಕ

ಕಬ್ಬು ಹೇರಿದ ಟ್ರ್ಯಾಕ್ಟರ್ ಕಾರ್ಖಾನೆಯ ಕಾಟಾದ ಮೇಲೆ ಬಂದು ನಿಂತಾಗ ಅದರ ತೂಕವನ್ನು ಕೋಣೆಯೊಳಗಿನ ಇಂಡಿಕೇಟರಿಗೆ ಮುಟ್ಟಿಸುವುದು ಕೆಲವೇ ಮಿಲಿವೋಲ್ಟಿನ ವಿದ್ಯುತ್ತು. ಕಾಟಾದ ಕೆಳಗೆ 30 ಟನ್ ಸಾಮರ್ಥ್ಯದ ಆರು ಲೋಡ್ ಸೆಲ್‌ಗಳಿವೆ ಎಂದುಕೊಳ್ಳಿ. ಅವಕ್ಕೆ 10 ವೋಲ್ಟ್ ಕೊಟ್ಟಿದೆ, ಸೆಲ್ಲಿನ ಗುಣ ವೋಲ್ಟಿಗೆ 2 ಮಿಲಿವೋಲ್ಟ್. ಆರೂ ಸೆಲ್‌ಗಳ ಮೇಲೆ ಒಟ್ಟು 180 ಟನ್ ಭಾರ ಬಿದ್ದರೆ 20 ಮಿಲಿವೋಲ್ಟ್ ಹೊರಡುತ್ತದೆ. ಅಂದರೆ 10 ಕಿಲೋ ಕಬ್ಬಿನ ಪಾಲಿಗೆ ಬರುವುದು ಸುಮಾರು 1.1 ಮೈಕ್ರೋವೋಲ್ಟ್, ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು. ಅದೇ ಅಂಗಳದಲ್ಲಿ ನೂರಾರು ಅಶ್ವಶಕ್ತಿಯ ಮೋಟರುಗಳು ತಿರುಗುತ್ತಿರುತ್ತವೆ, ವೆಲ್ಡಿಂಗ್ ನಡೆದಿರುತ್ತದೆ, ಕ್ರೇನುಗಳು ಓಡಾಡುತ್ತಿರುತ್ತವೆ. ರೈತನ ಹತ್ತು ಕಿಲೋ ಈ ಗದ್ದಲ ದಾಟಿ ಸುರಕ್ಷಿತವಾಗಿ ಹೋಗಬೇಕಾದರೆ ನಡುವಿನ ಕೇಬಲ್ ಎಂಥದಿರಬೇಕು? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ನೇರವಾಗಿ ದುಡ್ಡಿನ ಪ್ರಶ್ನೆ.

ಈ ಐದೂ ತಾಲ್ಲೂಕುಗಳ ಬದುಕು ಕಬ್ಬು ಮತ್ತು ಹೊಳೆಯ ನೀರಿನ ಮೇಲೆ ನಿಂತಿದೆ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆ 1939ರ ಕಾಲದ್ದು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಸಹಕಾರಿ ಕಾರ್ಖಾನೆಗಳು ಆಮೇಲೆ ಬಂದವು. ಹೊಳೆ ದಂಡೆಯಲ್ಲಿ ನೀರೆತ್ತುವ ಜಾಕ್‌ವೆಲ್‌ಗಳು, ಅಲ್ಲಿಂದ ಮೈಲುಗಟ್ಟಲೆ ಏತ ನೀರಾವರಿಯ ಪೈಪುಗಳು, ಕರಿಮಸೂತಿ, ಕೆಂಪವಾಡದಂಥ ಸರ್ಕಾರಿ ಯೋಜನೆಗಳು. ಇವುಗಳ ಜತೆಗೇ ಎನರ್ಜಿ ಮೀಟರು, ಮೋಟರಿನ ವೇಗ ಹತೋಟಿಯಲ್ಲಿಡುವ ವಿಎಫ್‌ಡಿ, ಯಂತ್ರಗಳನ್ನು ನಡೆಸುವ ಪಿಎಲ್‌ಸಿ, ನೀರಿನ ಮಟ್ಟ ತೋರಿಸುವ ಉಪಕರಣ ಎಲ್ಲವೂ ಬಂದಿವೆ. ಇವು ಪರಸ್ಪರ ಮಾತಾಡುವುದು ಹೆಚ್ಚಾಗಿ ಜೋಡಿ ತಂತಿಯ ಮೇಲೆ, ಡಿಫರೆನ್ಷಿಯಲ್ ಸಂಕೇತದಲ್ಲಿ. ಮೋಟರಿಗೆ ಎಷ್ಟು ಚದರ ಮಿಲಿಮೀಟರಿನ ಕೇಬಲ್ ಬೇಕೆಂದು ಹತ್ತು ಸಲ ವಿಚಾರಿಸುವವರು ಸಿಗ್ನಲ್ ಕೇಬಲ್ ವಿಷಯ ಬಂದಾಗ ಮೀರಜ್, ಸಾಂಗಲಿ, ಕೊಲ್ಲಾಪುರದ ಅಂಗಡಿಗೆ ಹೋಗಿ ‘ಶೀಲ್ಡ್ ವಾಯರ್ ಕೊಡ್ರಿ’ ಎಂದಷ್ಟೇ ಹೇಳಿ ತರುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ.

ಶೀಲ್ಡ್ ಎಂಬುದು ಈ ಕಥೆಯಲ್ಲಿ ಮೂರನೆಯ ಪಾತ್ರ. ಮೊದಲನೆಯದು ಸಮತೋಲ, ಎರಡನೆಯದು ಹೊಸೆತ. ಡಿಫರೆನ್ಷಿಯಲ್ ವ್ಯವಸ್ಥೆಯಲ್ಲಿ ಸಂಕೇತ ಇರುವುದು ಎರಡು ತಂತಿಗಳ ವೋಲ್ಟೇಜಿನ ವ್ಯತ್ಯಾಸದಲ್ಲಿ. ಹೊರಗಿನ ಗದ್ದಲ ಎರಡೂ ತಂತಿಗಳನ್ನು ಒಂದೇ ಪ್ರಮಾಣದಲ್ಲಿ ಮುಟ್ಟಿದರೆ ವ್ಯತ್ಯಾಸ ಬದಲಾಗುವುದಿಲ್ಲ, ಗ್ರಾಹಕ ಉಪಕರಣಕ್ಕೆ ಆ ಗದ್ದಲ ಕಾಣುವುದೇ ಇಲ್ಲ. ಇದಕ್ಕೆ ಒಂದು ತಂತಿಯ ವೋಲ್ಟೇಜ್ ಏರಿದಷ್ಟೇ ಇನ್ನೊಂದರದು ಇಳಿಯಬೇಕೆಂದು ಬಹಳ ಜನ ನಂಬಿದ್ದಾರೆ. ಆಡಿಯೋ ಎಂಜಿನಿಯರ್ ಬಿಲ್ ವಿಟ್ಲಾಕ್ 1995ರಲ್ಲಿ ಇದನ್ನು ಸ್ಪಷ್ಟವಾಗಿ ತಿದ್ದಿದರು. ಸಮವಾಗಿರಬೇಕಾದದ್ದು ನೆಲಕ್ಕೆ ಹೋಲಿಸಿದಾಗ ಎರಡೂ ತಂತಿಗಳ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಅವು ಒಡ್ಡುವ ಒಟ್ಟು ಅಡ್ಡಿ. ಒಂದು ತಂತಿಯ ಸ್ಕ್ರೂ ಸಡಿಲವಾಗಿ ತುಕ್ಕು ಹಿಡಿದರೆ ಸಾಕು, ಸಮತೋಲ ಕೆಡುತ್ತದೆ. ಎಷ್ಟೇ ದುಬಾರಿ ಶೀಲ್ಡ್ ಇದ್ದರೂ ಗದ್ದಲದ ಒಂದಂಶ ಸಂಕೇತವಾಗಿ ಒಳಗೆ ನುಗ್ಗುತ್ತದೆ.

ಇನ್ನು ಹೊಸೆತ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಜೋಡಿ ತಂತಿಯನ್ನು ಹೊಸೆಯುವುದಕ್ಕೆ ಪೇಟೆಂಟ್ ಪಡೆದರು. ಎರಡು ಎಳೆಗಳನ್ನು ಹಗ್ಗದಂತೆ ಹೊಸೆದಾಗ ಒಂದೊಂದು ಸುತ್ತಿನಲ್ಲೂ ಎಳೆಗಳು ಜಾಗ ಬದಲಿಸುತ್ತವೆ. ಪಕ್ಕದ ಮೋಟರ್ ಕೇಬಲಿನ ಕಾಂತಕ್ಷೇತ್ರ ಒಂದು ಸುತ್ತಿನಲ್ಲಿ ಹುಟ್ಟಿಸಿದ ವೋಲ್ಟೇಜನ್ನು ಮುಂದಿನ ಸುತ್ತು ತಿರುಗಿಸಿ ಅಳಿಸಿಹಾಕುತ್ತದೆ. ಇದು ಬಹಳ ಮುಖ್ಯ. ಏಕೆಂದರೆ 50 ಹರ್ಟ್ಜ್ ಕಾಂತಕ್ಷೇತ್ರವನ್ನು ತೆಳ್ಳಗಿನ ಅಲ್ಯೂಮಿನಿಯಂ ಫಾಯಿಲಾಗಲಿ, ತಾಮ್ರದ ಜಾಲರಿಯಾಗಲಿ ತಡೆಯುವುದಿಲ್ಲ. ಅವು ತಡೆಯುವುದು ವಿದ್ಯುತ್ ಕ್ಷೇತ್ರವನ್ನು ಮತ್ತು ಹೆಚ್ಚಿನ ಆವರ್ತನದ ಗದ್ದಲವನ್ನು. ಕೆಳ ಆವರ್ತನದ ಕಾಂತಕ್ಷೇತ್ರಕ್ಕೆ ಮದ್ದು ಮೂರೇ: ಹೊಸೆತ, ಅಂತರ, ಉಕ್ಕಿನ ಪೈಪು. ನೇರ ಎಳೆಗಳ ಮೂರು ಕೋರಿನ ಕೇಬಲಿಗೆ ಫಾಯಿಲ್ ಸುತ್ತಿ ಶೀಲ್ಡ್ ವಾಯರ್ ಎಂದು ಮಾರುವುದುಂಟು. ಮೋಟರ್ ಕೇಬಲ್ ಪಕ್ಕದಲ್ಲಿ ಅಂಥದಕ್ಕಿಂತ ಶೀಲ್ಡೇ ಇಲ್ಲದ ಒಳ್ಳೆಯ ಹೊಸೆದ ಜೋಡಿ ಮೇಲು. ಇದಕ್ಕೆ ರಸ್ತೆಯ ಮೇಲೇ ಸಾಕ್ಷಿಯಿದೆ. ಲಾರಿ, ಕಟಾವು ಯಂತ್ರಗಳೊಳಗಿನ ಜೆ1939 ಜಾಲಕ್ಕೆ ಶೀಲ್ಡ್ ಇರುವ ಮಾನದಂಡವೂ ಇದೆ, ಶೀಲ್ಡ್ ಇಲ್ಲದ ಹೊಸೆದ ಜೋಡಿಯ ಮಾನದಂಡವೂ ಇದೆ. ಎರಡೂ ಸೆಕೆಂಡಿಗೆ 2.5 ಲಕ್ಷ ಬಿಟ್ ಒಯ್ಯುತ್ತವೆ.

ಕಾಟಾಕ್ಕೆ ಮರಳಿ ಬರೋಣ, ಏಕೆಂದರೆ ಇಲ್ಲಿ ತಪ್ಪಾದರೆ ನಷ್ಟ ತುಂಬುವವರು ಮಾತಾಡಲು ಬಾಯಿಲ್ಲದ ರೈತರು. ಕಾಟಾದ ಜಂಕ್ಷನ್ ಬಾಕ್ಸಿನಿಂದ ಇಂಡಿಕೇಟರಿಗೆ ನಾಲ್ಕು ಎಳೆಯ ಕೇಬಲ್ ಸಾಕೇ, ಆರು ಎಳೆಯದು ಬೇಕೇ? 350 ಓಮಿನ ಆರು ಸೆಲ್‌ಗಳು ಸಮಾಂತರವಾಗಿ ಸೇರಿದರೆ ಸುಮಾರು 58 ಓಮ್. ಅರ್ಧ ಚದರ ಮಿಲಿಮೀಟರಿನ ತಾಮ್ರದ ಎಳೆ 50 ಮೀಟರ್ ಹೋಗಿ ಬಂದರೆ ಸುಮಾರು 3.6 ಓಮ್. ಅಂದರೆ ಕೊಟ್ಟ ವೋಲ್ಟೇಜಿನ ಆರು ಪ್ರತಿಶತ ದಾರಿಯಲ್ಲೇ ಕಳೆದುಹೋಗುತ್ತದೆ. ಅಷ್ಟನ್ನು ಕ್ಯಾಲಿಬ್ರೇಷನ್ ಸರಿದೂಗಿಸುತ್ತದೆ, ಸರಿ. ಆದರೆ ತಾಮ್ರದ ರೋಧ ಪ್ರತಿ ಡಿಗ್ರಿಗೆ 0.39 ಪ್ರತಿಶತ ಏರುತ್ತದೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಸರಿಹೊಂದಿಸಿದ ಕಾಟಾದ ಕೇಬಲ್ ನೆಲದ ಮೇಲೆ ಬಿಸಿಲಿಗೆ ಬಿದ್ದು 15 ಡಿಗ್ರಿ ಹೆಚ್ಚು ಕಾದರೆ ತೋರಿಕೆ 0.34 ಪ್ರತಿಶತ ಕಡಿಮೆಯಾಗುತ್ತದೆ. 30 ಟನ್ನಿಗೆ ಅದು ಸುಮಾರು 100 ಕಿಲೋ. ಸರಿಹೊಂದಿಸಿದ ಹೊತ್ತಿಗಿಂತ ಹೆಚ್ಚು ಕಾದ ನಾಲ್ಕು ಎಳೆಯ ಕೇಬಲ್ ಯಾವಾಗಲೂ ತೂಕವನ್ನು ಕಡಿಮೆ ತೋರಿಸುತ್ತದೆ. ಆರು ಎಳೆಯ ಕೇಬಲಿನಲ್ಲಿ ಎರಡು ಎಳೆಗಳು ಸೆಲ್ಲಿನ ಹತ್ತಿರ ನಿಜಕ್ಕೂ ಎಷ್ಟು ವೋಲ್ಟೇಜ್ ತಲುಪಿದೆ ಎಂಬ ವರದಿಯನ್ನು ವಾಪಸು ತರುತ್ತವೆ. ಇಂಡಿಕೇಟರ್ ಅದನ್ನು ನೋಡಿ ಲೆಕ್ಕ ತಿದ್ದಿಕೊಳ್ಳುತ್ತದೆ. ಆದ್ದರಿಂದ ಕಾಟಾಕ್ಕೆ ಬೇಕಾದದ್ದು ಮೂರು ಹೊಸೆದ ಜೋಡಿಗಳ, ಸಾಧ್ಯವಾದರೆ ಸಂಕೇತದ ಜೋಡಿಗೆ ಬೇರೆ ಫಾಯಿಲ್ ಇರುವ, ಮೇಲೊಂದು ಜಾಲರಿ ಹೊದ್ದ ಕೇಬಲ್. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೂ ಒಂದು ಮಾತು. ನಾಲ್ಕು ಎಳೆಯ ಲೋಡ್ ಸೆಲ್ ಕಾರ್ಖಾನೆಯಿಂದ ಬರುವಾಗ ಅದರ ಬಾಲಕ್ಕೆ ಅಂಟಿಕೊಂಡು ಬಂದ ಕೇಬಲಿನ ಉದ್ದವನ್ನೂ ಸೇರಿಸಿಯೇ ಅದನ್ನು ಸರಿಹೊಂದಿಸಿರುತ್ತಾರೆ. ಹೆಚ್ಚಾಯಿತೆಂದು ಆ ಕೇಬಲನ್ನು ಕತ್ತರಿಸಬಾರದು, ಸುರುಳಿ ಸುತ್ತಿ ಬಾಕ್ಸಿನೊಳಗೆ ಇಡಬೇಕು. ಕಾಟಾದಲ್ಲಿ ಅಂಕಿ ಹಾರಾಡುವುದಕ್ಕೂ ಅಂಕಿ ನಿಧಾನ ಸರಿಯುವುದಕ್ಕೂ ಕಾರಣ ಬೇರೆ ಬೇರೆ. ಹಾರಾಡಿದರೆ ಗದ್ದಲ, ಅಲ್ಲಿ ಶೀಲ್ಡ್, ಅರ್ಥಿಂಗ್ ನೋಡಬೇಕು. ಸರಿದರೆ ಹೆಚ್ಚಾಗಿ ತೇವ. ಜಂಕ್ಷನ್ ಬಾಕ್ಸಿನ ಗ್ಲ್ಯಾಂಡ್ ಮೂಲಕ ನೀರು ಇಳಿದು ಎಳೆಗಳ ನಡುವಿನ ನಿರೋಧ ಕುಸಿದಿರುತ್ತದೆ. ಶೀಲ್ಡ್ ಬದಲಿಸಿದರೆ ಅದು ವಾಸಿಯಾಗದು.

ಕಾಟಾದ ಕೇಬಲ್ ಬಿಟ್ಟರೆ ಎರಡನೆಯ ದೊಡ್ಡ ಕುಟುಂಬ ಆರ್‌ಎಸ್-485. 1983ರಲ್ಲಿ ಬಂದ ಈ ಮಾನದಂಡದ ಮೇಲೆ, 1979ರಲ್ಲಿ ಮೋಡಿಕಾನ್ ಕಂಪನಿ ರೂಪಿಸಿದ ಮಾಡ್‌ಬಸ್ ಭಾಷೆಯಲ್ಲಿ, ಇಲ್ಲಿನ ಬಹುಪಾಲು ಮೀಟರು ಮತ್ತು ವಿಎಫ್‌ಡಿಗಳು ಮಾತಾಡುತ್ತವೆ. ಎರಡು ಎಳೆಗಳ ನಡುವೆ 200 ಮಿಲಿವೋಲ್ಟ್ ವ್ಯತ್ಯಾಸವಿದ್ದರೂ ಗ್ರಾಹಕ ಅದನ್ನು ಗುರುತಿಸಬಲ್ಲದು. ಕಳಿಸುವ ಕಡೆ ಕನಿಷ್ಠ 1.5 ವೋಲ್ಟ್ ಇರುತ್ತದೆ. ಕಾಟಾದ ಮೈಕ್ರೋವೋಲ್ಟಿನ ಮುಂದೆ ಇದು ಗಟ್ಟಿ ಆಳು. ಕೇಬಲಿನ ವಿಶಿಷ್ಟ ಇಂಪೀಡೆನ್ಸ್ 120 ಓಮ್ ಇರಬೇಕು, ಎರಡು ತುದಿಗೂ 120 ಓಮಿನ ರೆಸಿಸ್ಟರ್ ಹಾಕಬೇಕು ಎಂಬ ನಿಯಮ ಎಲ್ಲರಿಗೂ ಗೊತ್ತು. ಅದು ಸರಿಯೇ. ಆದರೆ 9600 ಬಾಡ್ ವೇಗದಲ್ಲಿ ಒಂದು ಬಿಟ್ 104 ಮೈಕ್ರೋಸೆಕೆಂಡ್ ಇರುತ್ತದೆ. 300 ಮೀಟರ್ ಕೇಬಲಿನಲ್ಲಿ ಸಂಕೇತ ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು 1.5 ಮೈಕ್ರೋಸೆಕೆಂಡಿನಲ್ಲಿ ತಲುಪುತ್ತದೆ. ಪ್ರತಿಫಲನ ಬಂದರೂ ಬಿಟ್ ಓದುವ ಹೊತ್ತಿಗೆ ಅಡಗಿರುತ್ತದೆ. ಹಾಗಾಗಿ ಸಾಧಾರಣ ವೇಗದ ಮೀಟರ್ ಸಾಲಿಗೆ 100 ಓಮಿನ ಕ್ಯಾಟ್-5ಇ ಅಥವಾ ಕ್ಯಾಟ್-6 ಶೀಲ್ಡ್ ಕೇಬಲ್ ಹಾಕಿದರೆ ಆಕಾಶ ಕಳಚಿ ಬೀಳುವುದಿಲ್ಲ. ಪ್ರತಿ ಮೀಟರಿಗೂ ಒಂದೊಂದು ರೆಸಿಸ್ಟರ್ ಹಾಕಿದರೆ ಮಾತ್ರ ಖಂಡಿತ ಕೆಡುತ್ತದೆ, ಏಕೆಂದರೆ ಕಳಿಸುವ ಚಿಪ್ಪು ಹೊರುವುದು 54 ಓಮಿನ ಹೊರೆಯನ್ನು. ಮೂರನೆಯ ರೆಸಿಸ್ಟರ್ ಬಿದ್ದೊಡನೆ ಅದು 40ಕ್ಕೆ ಇಳಿಯುತ್ತದೆ.

ಆರ್‌ಎಸ್-485ರಲ್ಲಿ ನಿಜವಾಗಿ ಕೈಕೊಡುವುದು ಬೇರೆ ಕಡೆ. ಜೋಡಿ ತಂತಿ ಎಂದ ಮೇಲೆ ಎರಡೇ ಎಳೆ ಸಾಕೆಂದು ಮೂರನೆಯ ಕಾಮನ್ ಎಳೆಯನ್ನು ಬಿಟ್ಟುಬಿಡುತ್ತಾರೆ. ಗ್ರಾಹಕ ಸಹಿಸುವುದು ತನ್ನ ನೆಲಕ್ಕೆ ಹೋಲಿಸಿದಂತೆ ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗೆ ಮಾತ್ರ. ಎರಡು ಪ್ಯಾನೆಲ್‌ಗಳ ನೆಲದ ವೋಲ್ಟೇಜ್ ಇದಕ್ಕಿಂತ ದೂರ ಸರಿದರೆ ಸಂಪರ್ಕ ಕಡಿಯುತ್ತದೆ, ಕೆಲವೊಮ್ಮೆ ಚಿಪ್ಪೇ ಸುಡುತ್ತದೆ. ಶೀಲ್ಡನ್ನೇ ಕಾಮನ್ ಆಗಿ ಬಳಸುವ ಅಭ್ಯಾಸವೂ ಇದೆ. ಅದು ಗದ್ದಲವನ್ನು ನೇರವಾಗಿ ಸರ್ಕ್ಯೂಟಿನ ನೆಲಕ್ಕೆ ತಂದು ಸುರಿದಂತೆ. ಆದ್ದರಿಂದ ಆರ್‌ಎಸ್-485ಕ್ಕೆ ಒಂದು ಜೋಡಿಯ ಕೇಬಲ್ ಕೊಳ್ಳಬೇಡಿ, ಎರಡು ಜೋಡಿಯದನ್ನು ಕೊಳ್ಳಿ. ಒಂದು ಜೋಡಿ ಸಂಕೇತಕ್ಕೆ, ಇನ್ನೊಂದು ಕಾಮನ್‌ಗೆ. ಸಂಕೇತದ ಎ ಎಳೆ ಒಂದು ಜೋಡಿಯಿಂದ, ಬಿ ಎಳೆ ಇನ್ನೊಂದು ಜೋಡಿಯಿಂದ ಎಂದು ಬಣ್ಣ ತಪ್ಪಿಸಿ ಜೋಡಿಸಿದರೆ ಹೊಸೆತದ ಲಾಭವೆಲ್ಲ ಹೋಯಿತು.

ಶೀಲ್ಡನ್ನು ಒಂದೇ ತುದಿಗೆ ಅರ್ಥ್ ಮಾಡಬೇಕೋ ಎರಡೂ ತುದಿಗೋ? ಈ ವಾದ ತಲೆಮಾರುಗಳಿಂದ ನಡೆದಿದೆ, ಎರಡೂ ಪಕ್ಷಗಳ ಕೈಯಲ್ಲಿ ನಿಜವಾದ ಅನುಭವವಿದೆ. ಒಂದೇ ತುದಿ ಎನ್ನುವವರು 4-20 ಮಿಲಿಆಂಪ್ ಸಂಕೇತ ಹಾಗೂ ಲೋಡ್ ಸೆಲ್‌ಗಳ ಲೋಕದಿಂದ ಬಂದವರು. ಅಲ್ಲಿ ಗದ್ದಲ ಕೆಳ ಆವರ್ತನದ್ದು. ಎರಡೂ ತುದಿ ಕಟ್ಟಿದರೆ ಎರಡು ಅರ್ಥ್‌ಗಳ ನಡುವಿನ ವೋಲ್ಟೇಜ್ ಶೀಲ್ಡಿನ ಮೂಲಕ ಕರೆಂಟ್ ಹರಿಸುತ್ತದೆ. ಎರಡೂ ತುದಿ ಎನ್ನುವವರು ವಿಎಫ್‌ಡಿ ಮತ್ತು ಪ್ರೊಫಿಬಸ್ ಎಂಬ ಕಾರ್ಖಾನೆ ಜಾಲದ ಲೋಕದವರು. ಒಂದು ತುದಿ ತೆರೆದ ಶೀಲ್ಡ್ ಮೆಗಾಹರ್ಟ್ಜ್ ಗದ್ದಲಕ್ಕೆ ಆಂಟೆನಾದಂತೆ ವರ್ತಿಸುತ್ತದೆ ಎಂಬುದು ಅವರ ವಾದ, ಅದೂ ಸರಿ. ಆಡಿಯೋ ತಜ್ಞ ನೀಲ್ ಮನ್ಸಿ 1995ರಲ್ಲಿ ಮೂರನೆಯ ಮಾತು ಹೇಳಿದರು: ಎಷ್ಟು ತುದಿ ಎಂಬುದಕ್ಕಿಂತ ಶೀಲ್ಡ್ ಎಲ್ಲಿ ಮುಟ್ಟುತ್ತದೆ ಎಂಬುದು ಮುಖ್ಯ. ಅದು ಪೆಟ್ಟಿಗೆಯ ಲೋಹವನ್ನು ಮುಟ್ಟಬೇಕು, ಒಳಗಿನ ಬೋರ್ಡಿನ ನೆಲವನ್ನಲ್ಲ. 2005ರ ಎಇಎಸ್-48 ಮಾನದಂಡ ಆಡಿಯೋ ಉಪಕರಣಗಳಿಗೆ ಇದನ್ನೇ ನಿಯಮ ಮಾಡಿತು.

ನಮ್ಮ ತಾಲ್ಲೂಕುಗಳಿಗೆ ನಾನು ಹೇಳುವ ತೀರ್ಪು ಹೀಗಿದೆ. ಕಾಟಾಕ್ಕೆ, ತಯಾರಕರು ಬೇರೆ ಹೇಳದಿದ್ದರೆ, ಇಂಡಿಕೇಟರಿನ ತುದಿಗೆ ಮಾತ್ರ. ಒಂದೇ ಕಟ್ಟಡದೊಳಗೆ, ಒಳ್ಳೆಯ ಅರ್ಥ್ ಪಟ್ಟಿ ಹಾಯ್ದಿರುವ ಪ್ಯಾನೆಲ್‌ಗಳ ನಡುವೆ, ಎರಡೂ ತುದಿ. ಜಾಲರಿಯನ್ನು ಸುತ್ತಲೂ ಹಿಡಿಯುವ ಕ್ಲ್ಯಾಂಪ್ ಹಾಕಿ ಲೋಹದ ತಟ್ಟೆಗೆ ಬಿಗಿಯಬೇಕು. ಶೀಲ್ಡನ್ನು ಹೊಸೆದು ಅರ್ಧ ಅಡಿ ಬಾಲ ಮಾಡಿ ಸ್ಕ್ರೂಗೆ ಸಿಕ್ಕಿಸಿದರೆ ಮೇಲಿನ ಆವರ್ತನಗಳಲ್ಲಿ ಅದು ಇದ್ದೂ ಇಲ್ಲದಂತೆ. ಎರಡು ಕಟ್ಟಡಗಳ ನಡುವೆ ಒಂದು ತುದಿ ನೇರ, ಇನ್ನೊಂದು ಕೆಪ್ಯಾಸಿಟರ್ ಮೂಲಕ, ಜತೆಗೆ ಐಸೊಲೇಟರ್. ಹೊಳೆ ದಂಡೆಯ ಜಾಕ್‌ವೆಲ್ಲಿನಿಂದ ಮೇಲಿನ ತೊಟ್ಟಿಯವರೆಗೆ ಹೋಗುವ ದೂರದ ದಾರಿಗೆ ತಾಮ್ರವೇ ಬೇಡ, ಫೈಬರ್ ಹಾಕಿ. ರೋಹಿಣಿ ಮಳೆಯ ಸಿಡಿಲಿಗೆ ಹತ್ತಿರದ ನೆಲದ ವೋಲ್ಟೇಜ್ ಸಾವಿರಾರು ವೋಲ್ಟ್ ಏರಬಹುದು. ಯಾವ ಶೀಲ್ಡೂ ಅದನ್ನು ಹೊರಲಾರದು.

ಫಾಯಿಲೋ ಜಾಲರಿಯೋ ಎಂಬುದಕ್ಕೆ ಉತ್ತರ ಕೇಬಲ್ ಅಲುಗಾಡುತ್ತದೆಯೇ ಎಂಬುದರಲ್ಲಿದೆ. ಫಾಯಿಲ್ ಪೂರ್ತಿ ಮುಚ್ಚುತ್ತದೆ, ಅಗ್ಗ, ಮೇಲಿನ ಆವರ್ತನಕ್ಕೆ ಒಳ್ಳೆಯದು. ಆದರೆ ಬಗ್ಗಿಸಿ ಬಗ್ಗಿಸಿ ಹರಿಯುತ್ತದೆ. ಜಾಲರಿ ಸಾಮಾನ್ಯವಾಗಿ 70ರಿಂದ 95 ಪ್ರತಿಶತ ಮುಚ್ಚುತ್ತದೆ, ಅದರ ರೋಧ ಕಡಿಮೆ, ಬಾಳಿಕೆ ಹೆಚ್ಚು. ಫಾಯಿಲಿಗೆ ತಾಗಿ ಸಾಗುವ ಬರಿ ತಂತಿ, ಅಂದರೆ ಡ್ರೇನ್ ತಂತಿಯ ಬಗ್ಗೆ 2003ರಲ್ಲಿ ಆಡಿಯೋ ತಜ್ಞ ಜಿಮ್ ಬ್ರೌನ್ ಮತ್ತು ವಿಟ್ಲಾಕ್ ತೋರಿಸಿದ ದೋಷವೊಂದಿದೆ: ಅದು ಜೋಡಿಯ ಒಂದು ಎಳೆಗೆ ಹೆಚ್ಚು ಹತ್ತಿರವಿದ್ದರೆ ಶೀಲ್ಡಿನಲ್ಲಿ ಹರಿಯುವ ಕರೆಂಟ್ ಎರಡು ಎಳೆಗಳನ್ನೂ ಸಮನಾಗಿ ಮುಟ್ಟುವುದಿಲ್ಲ. ಚಿಂಚಲಿ ಮಾಯಕ್ಕನ ಜಾತ್ರೆಯಂಥ ಕಡೆ ರಾತ್ರಿಯಿಡೀ ಪಾರಿಜಾತದಾಟಕ್ಕೆ ಎಳೆದಾಡುವ ಮೈಕಿನ ಕೇಬಲಿಗೆ ಹಾಗಾಗಿ ಜಾಲರಿಯೇ ಬೇಕು. ಕಾರ್ಖಾನೆಯ ಟ್ರೇನಲ್ಲಿ ಕದಲದೆ ಮಲಗುವ ಕೇಬಲಿಗೆ ಫಾಯಿಲ್ ಸಾಕು. ವಿಎಫ್‌ಡಿ ಹತ್ತಿರವಿದ್ದರೆ ಎರಡೂ ಇರಲಿ. ವಿಎಫ್‌ಡಿಯಿಂದ ಮೋಟರಿಗೆ ಹೋಗುವ ಪವರ್ ಕೇಬಲಿಗೇ ಶೀಲ್ಡ್ ಇದ್ದು ಎರಡೂ ತುದಿ ಅರ್ಥ್ ಆಗಿದ್ದರೆ ಅರ್ಧ ಜಗಳ ಮೂಲದಲ್ಲೇ ಮುಗಿಯುತ್ತದೆ. ಪವರ್ ಮತ್ತು ಸಿಗ್ನಲ್ ಕೇಬಲ್ ನಡುವೆ ಕನಿಷ್ಠ ಒಂದಡಿ ಅಂತರ ಬಿಡಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಪ್ರೊಫಿಬಸ್ ಡಿಪಿ ಇದ್ದಲ್ಲಿ ಚರ್ಚೆಯೇ ಇಲ್ಲ: ನೇರಳೆ ಹೊದಿಕೆಯ 150 ಓಮಿನ ಎ ವರ್ಗದ ಕೇಬಲನ್ನೇ ಹಾಕಬೇಕು, ಅದಕ್ಕೆ ಬದಲಿಯಿಲ್ಲ.

ನಮ್ಮ ನೆಲದ ಗುಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬುತ್ತದೆ. ಹೂತ ಕೇಬಲನ್ನು ಎಳೆಯುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿ ಈ ತಾಲ್ಲೂಕುಗಳ ಎಷ್ಟೋ ಊರುಗಳು ನೀರಿನಲ್ಲಿ ನಿಂತವು. ಒಂದು ಸಲ ತುದಿಯಿಂದ ನೀರು ಹೊಕ್ಕರೆ ಜಾಲರಿ ಅದನ್ನು ಬತ್ತಿಯಂತೆ ಒಳಗೆ ಎಳೆಯುತ್ತದೆ, ಫಾಯಿಲ್ ತುಕ್ಕು ಹಿಡಿದು ಪುಡಿಯಾಗುತ್ತದೆ. ಹೊರಗಿನಿಂದ ಕೇಬಲ್ ಹೊಚ್ಚ ಹೊಸದರಂತೆ ಕಾಣುತ್ತಿರುತ್ತದೆ! ನೆರೆ ಬರುವ ಜಾಗಕ್ಕೆ ಎಳೆಗಳ ಮೇಲೆ ಪಿವಿಸಿ ಬದಲು ಪಾಲಿಎಥಿಲೀನ್ ಹೊದಿಕೆ, ತವರ ಲೇಪಿತ ತಾಮ್ರ, ಹೆಗ್ಗಣಗಳ ಕಾಟಕ್ಕೆ ಉಕ್ಕಿನ ಆರ್ಮರ್ ಇರುವ ಇನ್‌ಸ್ಟ್ರುಮೆಂಟೇಷನ್ ಕೇಬಲ್ ಕೇಳಿ. ಬಿಎಸ್ 5308 ಭಾಗ 1 ಎಂದರೆ ಅಂಗಡಿಯವರಿಗೆ ತಿಳಿಯುತ್ತದೆ. ಆರ್ಮರನ್ನು ಸುರಕ್ಷತೆಗಾಗಿ ಅರ್ಥ್ ಮಾಡಬೇಕು, ಶೀಲ್ಡ್ ಜತೆ ಸೇರಿಸಬಾರದು. ಬೆಲೆ ಹೆಚ್ಚು, ನಿಜ. ಕಬ್ಬಿನ ಗದ್ದೆಯಲ್ಲಿ ಎರಡನೆಯ ಸಲ ಜೆಸಿಬಿ ತಂದು ಕಾಲುವೆ ತೋಡುವ ಖರ್ಚಿನ ಮುಂದೆ ಅದು ಹೆಚ್ಚಲ್ಲ.

ಕೊಳ್ಳುವಾಗ ಒಂದು ಮೀಟರ್ ತುಂಡು ಸುಲಿದು ನೋಡಿ. ಎಳೆಗಳು ಹೊಸೆದಿವೆಯೇ, ಪ್ರತಿ ಜೋಡಿಗೂ ಬೇರೆ ಬಣ್ಣವಿದೆಯೇ, ಡ್ರೇನ್ ತಂತಿ ಫಾಯಿಲಿನ ಲೋಹದ ಮಗ್ಗುಲಿಗೆ ತಾಗಿದೆಯೇ ಎಂದು ಪರೀಕ್ಷಿಸಿ. ಬ್ಲೇಡಿನಿಂದ ಎಳೆಯನ್ನು ಕೆರೆದಾಗ ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ ಕಂಡರೆ ಅದು ತಾಮ್ರ ಬಳಿದ ಮಾಲು, ವಾಪಸು ಕೊಡಿ. ಪೂರ್ತಿ ಸುರುಳಿಯನ್ನು ಮಲ್ಟಿಮೀಟರಿನಿಂದ ಅಳೆಯುವುದು ಇನ್ನೂ ಒಳ್ಳೆಯದು. ಶುದ್ಧ ತಾಮ್ರದ ಕ್ಯಾಟ್-5ಇ ಎಳೆ 100 ಮೀಟರಿಗೆ 9.4 ಓಮ್ ಮೀರಬಾರದು; ಅರ್ಧ ಚದರ ಮಿಲಿಮೀಟರಿನದು 4 ಓಮ್ ಮೀರಬಾರದು.

ಕಾನೂನು ಮಾಪನಶಾಸ್ತ್ರದ ನಿಯಮದಂತೆ ಕಾಟಾಗಳಿಗೆ ವರ್ಷಕ್ಕೊಮ್ಮೆ ಮರುಪರಿಶೀಲನೆ ಆಗಬೇಕು, ಮುದ್ರೆ ಬೀಳಬೇಕು. ಆ ಪರಿಶೀಲನೆ ಸಾಮಾನ್ಯವಾಗಿ ಬಟ್ಟು ಇಟ್ಟು ತೂಕ ನೋಡುವುದಕ್ಕೆ ಮುಗಿಯುತ್ತದೆ. ಹಂಗಾಮು ಆರಂಭವಾಗುವ ಮುನ್ನ, ಇಲಾಖೆಯ ಅಧಿಕಾರಿ ಎದುರಿಗಿರುವಾಗಲೇ, ಜಂಕ್ಷನ್ ಬಾಕ್ಸ್ ತೆಗೆಸಿ ಅದರೊಳಗೆ ತೇವವಿದೆಯೇ, ಇಂಡಿಕೇಟರಿಗೆ ಹೋಗುವ ಕೇಬಲಿನಲ್ಲಿ ಆರು ಎಳೆಗಳಿವೆಯೇ, ಶೀಲ್ಡ್ ಎಲ್ಲಿ ಕಟ್ಟಿದೆ ಎಂದು ನೋಡಿ ಬರೆದಿಡುವಂತೆ ರೈತ ಸಂಘಟನೆಗಳು ಕೇಳಬೇಕು, ಕಾರ್ಖಾನೆಗಳು ತಾವಾಗಿಯೇ ತೋರಿಸಬೇಕು. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ಅದೇ ಬಟ್ಟುಗಳನ್ನು ಇನ್ನೊಮ್ಮೆ ಇಟ್ಟು, ಬೆಳಗಿನ ಅಂಕಿಯ ಪಕ್ಕದಲ್ಲಿ ಆ ಅಂಕಿಯನ್ನೂ ಬರೆಯಿರಿ.